ಡಬ್ಬಿ ಅಕ್ಕ ಬಾಗಿಲು ತಟ್ಟಿದ ಶನಿವಾರ

ಚೀಲಗಳೆಲ್ಲ ಹೊರಟುಹೋದ ಮೇಲೆ ಡಬ್ಬಿ ಅಕ್ಕ ಚರ್ಚಿನ ಹಿಂದಿನ ಉಗ್ರಾಣದಲ್ಲಿ ಚೆಲ್ಲಿದ ಹಿಟ್ಟು ಗುಡಿಸುತ್ತಿದ್ದಳು. ಅವಳ ಮೈದುನ ಬಾಗಿಲಲ್ಲಿ ಬಂದು ನಿಂತ. ಒಂದು ಕೈಯಲ್ಲಿ ಬಕೆಟ್ಟು, ಮೊಣಕೈವರೆಗೂ ರಬ್ಬರ್ ಗ್ಲೌಸು.

"ಅತ್ತಿಗೆ, ಇಲ್ಲೊಂದು ಡಬ್ಬಿ ಇಟ್ಟಿದ್ದೆ. ಎಲ್ಲಿ ಎತ್ತಿಟ್ರಿ?"

"ಯಾವ ಡಬ್ಬಿ ಅಂತ ಹೇಳಲಿ? ಈ ಕೋಣೆಯಲ್ಲಿ ಡಬ್ಬಿ ಬಿಟ್ರೆ ಇರೋದು ನಾನೊಬ್ಬಳೇ."

"ಗಾಜಿಂದು. ಮೇಜಿನ ತುದೀಲಿಟ್ಟಿದ್ದೆ. ಮೋರಿ ಪುಡಿ ಹಾಕಿ."

ಡಬ್ಬಿ ಅಕ್ಕ ಪೊರಕೆ ನಿಲ್ಲಿಸಿದಳು.

ಮೋರಿ ಪುಡಿ ಅಂದರೆ ಕಾಸ್ಟಿಕ್ ಸೋಡ. ಸಭಾಂಗಣದ ಅಡುಗೆಮನೆಯ ಮೋರಿ ಕಟ್ಟಿಕೊಂಡು ಒಂದು ವಾರದಿಂದ ನಾರುತ್ತಿತ್ತು. ಚರ್ಚಿನ ಗಂಟೆ ಹೊಡೆಯುವುದು, ಬೀಗ ಹಾಕುವುದು, ಮೋರಿ ಬಿಡಿಸುವುದು ಎಲ್ಲ ಮೈದುನನ ಕೆಲಸ. ಬೆಳಿಗ್ಗೆ ಪುಡಿ ತಂದಿದ್ದನಂತೆ, ಪ್ಲಾಸ್ಟಿಕ್ ಚೀಲ ದಾರಿಯಲ್ಲೇ ಹರಿದಿತ್ತಂತೆ. ತೊಳೆದು ಒಣಗಿಸಿದ್ದ ಡಬ್ಬಿಗಳಲ್ಲಿ ಒಂದನ್ನು ಎತ್ತಿಕೊಂಡು ಅದಕ್ಕೆ ಸುರಿದಿದ್ದ. ಅಷ್ಟರಲ್ಲಿ ಗಂಟೆ ಹೊಡೆಯುವ ಹೊತ್ತಾಯಿತು, ಇಟ್ಟು ಓಡಿದ.

"ಬಟ್ಟೆ?" ಅಂದಳು ಡಬ್ಬಿ ಅಕ್ಕ. "ಅದರ ಮುಚ್ಚಳಕ್ಕೆ ಬಟ್ಟೆ ಇರಲಿಲ್ಲ ತಾನೆ?"

ಮೈದುನ ನೆಲ ನೋಡಿದ. "ಬಟ್ಟೆ ಕಟ್ಟದ ಡಬ್ಬಿ ನನ್ನ ಮೇಜಿನ ಮೇಲೆ ಕಂಡರೆ ಕೈ ಮುರೀತೀನಿ ಅಂತ ಹೋದ ತಿಂಗಳು ಬೈದಿದ್ರಲ್ಲ ಅತ್ತಿಗೆ. ಹೆದರಿ ಕಟ್ಟಿದೆ. ಕೈಗೆ ಸಿಕ್ಕಿದ್ದು."

"ಗೀರಿಂದೋ, ಹೂವಿಂದೋ?"

"ಹೂವಿಂದು."

ಅವಳು ಪೊರಕೆ ಕೆಳಗೆ ಹಾಕಿದಳು.

ಈ ಹೂವಿನ ಬಟ್ಟೆಯ ವಿಷಯ ಹೇಳಬೇಕು. ಡಬ್ಬಿ ಅಕ್ಕನನ್ನು ಹೆಸರು ಹಿಡಿದು ಕರೆಯುವವರು ಚರ್ಚಿನಲ್ಲಿ ಈಗ ಯಾರೂ ಉಳಿದಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ಹಾಕಿ ಅವಳ ಬಲಭುಜ ಎಡಭುಜಕ್ಕಿಂತ ತಗ್ಗಿಹೋಗಿದೆ. ಗಂಡ ತೀರಿಕೊಂಡು, ಕೆಲಸವೂ ಮುಗಿದು ಮನೆಯಲ್ಲಿ ಕೂತಿದ್ದವಳನ್ನು ಫಾದರ್ ಕರೆದು ಉಗ್ರಾಣದ ಬೀಗದ ಕೈ ಕೊಟ್ಟರು. ಚಳಿಗಾಲಕ್ಕೆ ಮುಂಚೆ ಚರ್ಚಿನಲ್ಲಿ ಭಾನುವಾರ ಭಾನುವಾರ ಸಂಗ್ರಹ ಶುರುವಾಗುತ್ತದೆ; ಜನ ಹಿಟ್ಟು, ಸಕ್ಕರೆ, ಉಪ್ಪು, ಎಣ್ಣೆ, ಸಾಬೂನು ತಂದು ಸುರಿಯುತ್ತಾರೆ. ಆಗಿನಿಂದ ಬೇಸಿಗೆ ಬರುವ ತನಕ ಶನಿವಾರ ಶನಿವಾರ ಅದೆಲ್ಲ ಚೀಲಗಳಲ್ಲಿ ಇಲ್ಲದವರ ಮನೆ ಸೇರುತ್ತದೆ. ಡಬ್ಬಿ ಅಕ್ಕ ಬರುವ ಮೊದಲು ಸಕ್ಕರೆಯನ್ನು ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಇರುವೆ ತಿಂದದ್ದು ಅರ್ಧ, ಮನುಷ್ಯರು ತಿಂದದ್ದು ಅರ್ಧ. ಅವಳು ಮನೆಮನೆಯಿಂದ ಜಾಮು, ಜೇನು, ಕಾಫಿಪುಡಿ ಮುಗಿದ ಗಾಜಿನ ಡಬ್ಬಿಗಳನ್ನು ಕೇಳಿ ತಂದಳು. ಬಿಸಿನೀರಿನಲ್ಲಿ ಕುದಿಸುವುದು, ಬೋರಲು ಹಾಕಿ ಒಣಗಿಸುವುದು, ತುಂಬುವುದು, ಮುಚ್ಚಳದ ಮೇಲೆ ಹಳೇ ಅಂಗಿಯ ತುಂಡು ಕಟ್ಟುವುದು. ಸಕ್ಕರೆಗೆ ಹೂವಿನ ಬಟ್ಟೆ, ಉಪ್ಪಿಗೆ ಗೀರಿನ ಬಟ್ಟೆ. ಚೀಟಿ ಗೀಟಿ ಏನಿಲ್ಲ. ಬರೆಯುವುದೆಂದರೆ ಅವಳಿಗೆ ಕಲ್ಲು ಹೊತ್ತ ಹಾಗೆ; ಓದುವುದು ತಗೊಳ್ಳುವವರಲ್ಲೂ ಕೆಲವರಿಗೆ ಹಾಗೇ. ಬಟ್ಟೆ ನೋಡಿದರೆ ಕುರುಡರೂ ಹೇಳುತ್ತಾರೆ ಅಂತ ಅವಳ ಜಂಬ.

ಈಗ ಆ ಜಂಬದ ಬಟ್ಟೆ ಕಟ್ಟಿಕೊಂಡು ಮೋರಿ ಪುಡಿ ಯಾರದೋ ಅಡುಗೆಮನೆಗೆ ಹೋಗಿದೆ.

"ಅದು ನಾಲಿಗೆಗೆ ತಾಗಿದರೆ ಏನಾಗುತ್ತೆ?"

"ನಾಲಿಗೆ ಇರಲ್ಲ ಅತ್ತಿಗೆ. ಗಂಟಲೂ ಇರಲ್ಲ. ನೀರು ಬಿದ್ದರೆ ಸಾಕು, ಒಲೆ ಇಲ್ಲದೆ ಕುದಿಯುತ್ತೆ." ಮೈದುನ ಬಕೆಟ್ಟು ಇಳಿಸಿ ಫೋನ್ ಕಿವಿಗೆ ಹಿಡಿದಿದ್ದ. "ಫಾದರ್‌ಗೆ ಫೋನ್ ಮಾಡ್ತಿದ್ದೀನಿ, ಹತ್ತುತ್ತಿಲ್ಲ. ದೂರದ ಊರಲ್ಲಿ ಯಾರದೋ ಸಾವಿಗೆ ಮಣ್ಣು ಕೊಡೋಕೆ ಹೋಗಿದ್ದಾರಲ್ಲ. ಗಂಟೆ ಹೊಡೆದುಬಿಡಲಾ? ಎಲ್ಲರೂ ಓಡಿ ಬರ್ತಾರೆ."

"ಓಡಿ ಬಂದವರ ಮುಂದೆ ಏನಂತ ಕೂಗ್ತೀಯ? ಚರ್ಚಿನ ಸಕ್ಕರೆ ತಿನ್ನೋರೆಲ್ಲ ಕೈ ಎತ್ತಿ ಅಂತಲಾ? ಒಬ್ಬರೂ ಎತ್ತಲ್ಲ. ಡ್ರೈವರಣ್ಣನ್ನ ಕರಿ, ಓಡು."

ಡ್ರೈವರಣ್ಣ ಅಂದರೆ ಬಸ್ಸು ಓಡಿಸಿ ನಿವೃತ್ತಿಯಾದವರು. ಚೀಲಗಳನ್ನು ತಮ್ಮ ಹಳೇ ವ್ಯಾನಿನಲ್ಲಿ ಮನೆಮನೆಗೆ ಒಯ್ಯುವುದು ಅವರೇ. ಎದುರಿನ ಸಲೂನಿನಲ್ಲಿ ಅರ್ಧ ಗಡ್ಡ ಹೆರೆಸಿಕೊಂಡಿದ್ದವರು ಹಾಗೇ ಎದ್ದು ಬಂದರು. ಒಂದು ಕೆನ್ನೆಯಲ್ಲಿ ಇನ್ನೂ ನೊರೆ. ವಿಷಯ ಕೇಳಿದ್ದೇ ನೊರೆ ಒರೆಸಿಕೊಂಡು, "ನಡೀರಿ, ಒಂದೊಂದೇ ಮನೆಗೆ ಹೋಗಿ ಈಸ್ಕೊಂಡು ಬರ್ತೀನಿ. ನೀವು ಇಲ್ಲೇ ಇರಿ ಅಕ್ಕ" ಅಂದರು.

"ನಿಮ್ಮ ಕಣ್ಣಿಗೆ ಸಕ್ಕರೆ ಯಾವುದು, ಅದ್ಯಾವುದು ಅಂತ ಗೊತ್ತಾಗುತ್ತಾ? ಬೆಳಿಗ್ಗೆ ಹೊತ್ತುಕೊಂಡು ಹೋದವರು ನೀವೇ ತಾನೆ? ನಾನೂ ಬರ್ತೀನಿ."

ಡ್ರೈವರಣ್ಣ ಕಾಲು ಕಿತ್ತಿಡಲಿಲ್ಲ. "ಅದು ಹೇಗಾಗುತ್ತೆ ಅಕ್ಕ? ಬಾಗಿಲುಗಳನ್ನ ಯಾರಿಗೂ ತೋರಿಸಲ್ಲ ಅಂತ ಬೈಬಲ್ ಮುಟ್ಟಿಸಿ ಪ್ರಮಾಣ ಮಾಡಿಸಿದ್ದು ಯಾರು? ನಿಮಗೂ ಹೇಳಕೂಡದು ಅಂದದ್ದು ನೀವೇ."

ಹೌದು, ಅವಳೇ. ಉಗ್ರಾಣದ ಬೀಗದ ಕೈ ತಗೊಳ್ಳುವಾಗ ಫಾದರ್ ಹತ್ತಿರ ಅವಳು ಕೇಳಿದ್ದು ಒಂದೇ: ಚೀಲ ಬಾಗಿಲಲ್ಲಿಟ್ಟು ಬರಬೇಕು, ಬಾಗಿಲು ತಟ್ಟಬಾರದು, ತಿರುಗಿ ನೋಡಬಾರದು. ಯಾವ ಮನೆಗಳು ಅನ್ನುವುದು ಫಾದರ್ ತಲೆಯಲ್ಲಿರಬೇಕು, ಡ್ರೈವರಣ್ಣನ ಕಾಲಿಗೆ ಗೊತ್ತಿರಬೇಕು, ಮೂರನೆಯವರಿಗೆ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಪೂಜೆಯಲ್ಲಿ ಓದುತ್ತಾರಲ್ಲ, ಅದನ್ನು ಅಕ್ಷರ ತಪ್ಪದೆ ನಡೆಸಿದವಳು ಅವಳೊಬ್ಬಳೇ.

ಅದಕ್ಕೆ ಕಾರಣವಿತ್ತು. ಅವಳಿನ್ನೂ ಎಳೇ ಪ್ರಾಯದವಳಾಗಿದ್ದಾಗ ಗಂಡ ಸೊಂಟ ಮುರಿದುಕೊಂಡು ಮಲಗಿದ್ದ. ಆಗ ಚರ್ಚಿನ ಕಮಿಟಿಯವರು ಗುಂಪು ಕಟ್ಟಿಕೊಂಡು ಬಂದು ಬಾಗಿಲು ತಟ್ಟಿದ್ದರು. ಪಕ್ಕದ ಮನೆಯವರೆಲ್ಲ ಹೊರಗೆ ಬಂದು ನಿಂತರು. ಒಬ್ಬಾಕೆ ಅಡುಗೆಮನೆಗೇ ಹೋಗಿ ಡಬ್ಬಗಳ ಮುಚ್ಚಳ ತೆಗೆದು ತೆಗೆದು ನೋಡಿದಳು, ನಿಜವಾಗಿ ಖಾಲಿಯೋ ಅಂತ. ಹಿಟ್ಟಿನ ಚೀಲದ ಪಕ್ಕ ಅವಳನ್ನೂ ಮಗಳನ್ನೂ ನಿಲ್ಲಿಸಿ ಫೋಟೋ ಹಿಡಿದರು. ಆ ಫೋಟೋ ಚರ್ಚಿನ ಬೋರ್ಡಿನ ಮೇಲೆ ಬಿಸಿಲಿಗೆ ಬಣ್ಣ ಹೋಗುವ ತನಕ ಇತ್ತು. ಮಗಳನ್ನು ಶಾಲೆಯಲ್ಲಿ "ಹಿಟ್ಟಿನ ಚೀಲ" ಅಂತ ಕರೆದರು. ಹಸಿವು ಮರೆತುಹೋಯಿತು, ಅದು ಮರೆಯಲಿಲ್ಲ.

"ಪ್ರಮಾಣದ ಪಾಪ ನನಗಿರಲಿ ಡ್ರೈವರಣ್ಣ," ಅಂದಳು. "ಮೊದಲು ಗಾಡಿ ತೆಗೀರಿ. ಇನ್ನೇನು ಜನ ಟೀಗೆ ನೀರಿಡೋ ಹೊತ್ತು."

ಮೈದುನ ಗ್ಲೌಸು ಬಿಚ್ಚಿ ಅವಳ ಕೈಗೆ ಹಾಕಿದ. ಅವಳಿಗೆ ಅದು ದೊಡ್ಡದು, ಬೆರಳ ತುದಿಗಳು ಜೋತಾಡುತ್ತಿದ್ದವು.

ಮೊದಲ ಮನೆ ಪೇಂಟಿನ ಅಂಗಡಿಯ ಮೇಲಿನದು. ಡಬ್ಬಿ ಅಕ್ಕ ಬಾಗಿಲ ಮುಂದೆ ನಿಂತು ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿ ತಟ್ಟಿದಳು. ಕಂಕುಳಲ್ಲಿ ಕೂಸು ಎತ್ತಿಕೊಂಡ ಹುಡುಗಿಯೊಬ್ಬಳು ಬಾಗಿಲು ತೆರೆದು, ಅವಳನ್ನು ನೋಡಿದ್ದೇ ಬಿಳುಚಿಕೊಂಡಳು. ಭಾನುವಾರ ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿ.

"ಬೆಳಿಗ್ಗೆ ಬಂದ ಸಕ್ಕರೆ ಬಿಚ್ಚಿದ್ದೀಯೇನಮ್ಮ?"

"ಇಲ್ಲ ಆಂಟಿ... ನಾನು... ಅವರಿಗೆ ಕೆಲಸ ಹೋಗಿ..."

"ಅದೆಲ್ಲ ನನಗೆ ಹೇಳಬೇಡ, ನಾನು ಕೇಳಲಿಲ್ಲ. ಡಬ್ಬಿ ತೋರಿಸು, ಅಷ್ಟೇ."

ಹುಡುಗಿ ತಂದಳು. ಡಬ್ಬಿ ಅಕ್ಕ ಕಿಟಕಿಯ ಬೆಳಕಿಗೆ ಹಿಡಿದಳು. ಸಕ್ಕರೆಗೆ ಮೂಲೆಗಳಿರುತ್ತವೆ, ಬೆಳಕಿಗೆ ಮಿಣುಕುತ್ತದೆ. ಮೋರಿ ಪುಡಿ ಸಾಸಿವೆಯ ಹಾಗೆ ದುಂಡಗೆ, ಸತ್ತ ಬಿಳುಪು ಅಂತ ಮೈದುನ ಹೇಳಿದ್ದ. ಇದು ಮಿಣುಕಿತು. "ಇದು ಒಳ್ಳೇದು. ಧಾರಾಳವಾಗಿ ಹಾಕ್ಕೋ" ಅಂದವಳೇ ಮೆಟ್ಟಿಲಿಳಿದಳು. ಅವಳಿಗೆ ಹುಡುಗಿಯ ಮುಖ ನೋಡುವ ಧೈರ್ಯವಿರಲಿಲ್ಲ.

ಎರಡನೆಯ ಬಾಗಿಲಿಗೆ ಬೀಗ. ಚೀಲ ಹೊಸಿಲ ಹತ್ತಿರ ಹಾಗೇ ಕೂತಿತ್ತು. ಡಬ್ಬಿ ಅಕ್ಕ ಕುಕ್ಕರುಗಾಲಲ್ಲಿ ಕೂತು ಬಿಚ್ಚಿ ನೋಡಿದಳು: ಸಕ್ಕರೆಯೇ. ಮೂರನೆಯ ಮನೆಯ ಗಂಡಸು ಬನಿಯನ್ನಿನಲ್ಲಿ ಬಂದು ಬಾಗಿಲಿಗೆ ಅಡ್ಡ ನಿಂತ.

"ಓಹೋ, ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ರಾ? ಬೆಳಿಗ್ಗೆ ಕೊಟ್ಟು ಮಧ್ಯಾಹ್ನ ಕಿತ್ಕೊಳ್ಳೋದು ಯಾವ ಸೀಮೆ ಧರ್ಮ ತಾಯಿ?"

"ಅಪ್ಪಾ, ಮಾತು ಆಮೇಲೆ ಆಡು. ಡಬ್ಬಿ ತಾ."

"ತರಲ್ಲ. ಏನ್ ಮಾಡ್ತೀರಾ?"

"ಏನೂ ಮಾಡಲ್ಲ. ಅದರಲ್ಲಿ ಮೋರಿ ತೊಳೆಯೋ ಪುಡಿ ಇರಬಹುದು. ನೀನು ತಿಂದ್ರೆ ನಿನ್ನ ಬಾಯಿ ಮುಚ್ಚುತ್ತೆ, ಊರಿಗೆ ಉಪಕಾರ. ಆದರೆ ಒಳಗೆ ಮಕ್ಕಳ ದನಿ ಕೇಳ್ತಿದೆಯಲ್ಲ."

ಅವನು ಓಡಿಹೋಗಿ ತಂದ. ಡಬ್ಬಿಯನ್ನು ಮೈಯಿಂದ ದೂರ ಚಾಚಿ ಹಿಡಿದಿದ್ದ. ಅದೂ ಸಕ್ಕರೆಯೇ.

ಹಾಗೆ ಒಂದು ಮನೆ ಆದ ಮೇಲೆ ಒಂದು ಮನೆ. ಕೆಲವರು ಕೈ ಮುಗಿದರು, ಕೆಲವರು ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು ಡಬ್ಬಿ ಹೊರಗೆ ಚಾಚಿದರು. ಒಂದು ಮುದುಕಿ, "ನೀವೇ ಏನಮ್ಮ ಇಷ್ಟು ದಿನ ಇಟ್ಟು ಹೋಗ್ತಿದ್ದದ್ದು? ನಾನು ದೇವದೂತ ಅಂದ್ಕೊಂಡಿದ್ದೆ" ಅಂದಳು, ನಿರಾಸೆಯಿಂದ. ಒಳ್ಳೇ ಡಬ್ಬಿ ಸಿಕ್ಕಷ್ಟೂ ಕೆಟ್ಟ ಡಬ್ಬಿ ಇರುವ ಮನೆ ಹತ್ತಿರವಾಗುತ್ತಿತ್ತು. ಬಿಸಿಲು ಬೀದಿಯಿಂದ ಎದ್ದು ಅಂಗಡಿಗಳ ಬೋರ್ಡಿಗೆ ಏರಿತ್ತು. ತೆರೆದ ಕಿಟಕಿಗಳಿಂದ ಲೋಟ ಚಮಚದ ಸದ್ದು ಶುರುವಾಗಿತ್ತು.

ಒಂದು ತಿರುವಿನಲ್ಲಿ ಡ್ರೈವರಣ್ಣ ವ್ಯಾನು ನಿಲ್ಲಿಸಿಬಿಟ್ಟರು. ಎಂಜಿನ್ನು ಆರಿಸಲಿಲ್ಲ, ಮುಂದಕ್ಕೂ ಹೋಗಲಿಲ್ಲ.

"ಮುಗೀತಾ?"

"ಇನ್ನೊಂದಿದೆ."

"ನಡೀರಿ ಮತ್ತೆ!"

"ಅಕ್ಕ, ಇದೊಂದನ್ನ ನಾನೇ ಹೋಗಿ ಬರ್ತೀನಿ. ನೀವು ಕಣ್ಣು ಮುಚ್ಕೊಂಡು ಗಾಡೀಲೇ ಕೂತಿರಿ."

"ಡ್ರೈವರಣ್ಣ, ಅಲ್ಲಿ ಯಾರೋ ಟೀ ಕಲಕ್ತಿರಬಹುದು. ನೀವು ಇಲ್ಲಿ ನನ್ನ ಮನಸ್ಸು ಕಲಕಬೇಡಿ."

ಡ್ರೈವರಣ್ಣ ಹಣೆ ಒತ್ತಿಕೊಂಡು ಗೇರು ಹಾಕಿದರು. ವ್ಯಾನು ನಿಂತದ್ದು ಟೈಲರ್ ಮಾಸ್ಟರ್ ಮನೆಯ ಮುಂದೆ.

ಡಬ್ಬಿ ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಟೈಲರ್ ಮಾಸ್ಟರ್ ಅಂದರೆ ಸಂಗ್ರಹದ ದನಿ. ಸಂಗ್ರಹದ ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಕೋಟು ಹಾಕಿ ಚರ್ಚಿನ ಬಾಗಿಲಲ್ಲಿ ನಿಂತು, "ಕೈ ಬಿಚ್ಚಿ ಕೊಡಿ, ಕೈ ಬಿಚ್ಚಿ! ಮುಷ್ಟಿ ಕಟ್ಕೊಂಡು ಸ್ವರ್ಗದ ಬಾಗಿಲು ತಳ್ಳೋಕಾಗಲ್ಲ!" ಅಂತ ಕೂಗುವವರು ಅವರೇ. ಚೀಲಗಳನ್ನು ಬಿಟ್ಟಿಯಾಗಿ ಹೊಲಿದು ಕೊಡುವವರೂ ಅವರೇ. ಉಗ್ರಾಣಕ್ಕೆ ಬಂದಾಗೆಲ್ಲ, "ಏನ್ ಡಬ್ಬಿಯಮ್ಮ, ನಿಮ್ಮ ಜೈಲಲ್ಲಿ ಇವತ್ತು ಎಷ್ಟು ಕೈದಿ?" ಅಂತ ಕೀಟಲೆ. ಅವಳೂ ಬಿಡುತ್ತಿರಲಿಲ್ಲ: "ನಿಮ್ಮ ಹೊಲಿಗೆ ಬಿಚ್ಚಿ ಎಲ್ಲ ಕೈದಿ ಪರಾರಿ ಮಾಸ್ಟ್ರೇ." ಹೌದು, ಜನ ಈಗ ಬಟ್ಟೆ ಹೊಲಿಸುವುದಿಲ್ಲ, ರೆಡಿಮೇಡ್ ತಗೊಳ್ಳುತ್ತಾರೆ. ಹೌದು, ಅವರ ಹೆಂಡತಿ ಹಾಸಿಗೆ ಹಿಡಿದು ಬಹಳ ಕಾಲವಾಯಿತು. ಆದರೂ ಆ ಕೋಟಿನ ಮಡಿಕೆ ನೋಡಿದವರು ಯಾರು ತಾನೆ ಎಣಿಸುತ್ತಾರೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಾದೆ ಹೇಳಿ ನಗುವುದು ಸುಲಭ. ಆ ಹೂವು ಉದುರಿದರೆ ಮನುಷ್ಯನೇ ಉದುರಿಹೋಗುತ್ತಾನೆ ಅಂತ ಡಬ್ಬಿ ಅಕ್ಕನಿಗೆ ಗೊತ್ತಿತ್ತು. ತಾನು ಹೊಲಿದ ಚೀಲ ತನ್ನ ಬಾಗಿಲಿಗೇ ಬಂದಾಗ ಮಾಸ್ಟ್ರು ಅದನ್ನು ಹೇಗೆ ಒಳಗೆ ಎಳೆದುಕೊಳ್ಳುತ್ತಿದ್ದರೋ.

ಯೋಚಿಸುತ್ತಾ ನಿಲ್ಲುವ ಹೊತ್ತಲ್ಲ. ಕಂಡವರು ಕೇಳಬಾರದೆಂದು ಗ್ಲೌಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ಪಕ್ಕದ ಮನೆಯಾಕೆ ತನ್ನ ಜಗಲಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ತಿರುಗಿ ನೋಡಿದಳು.

ಮಾಸ್ಟ್ರು ಬಾಗಿಲು ತೆರೆದರು. ಕೊರಳಲ್ಲಿ ಅಳತೆಯ ಟೇಪು. "ಏನ್ ಡಬ್ಬಿಯಮ್ಮ, ಜೈಲು ಬಿಟ್ಟು ಇಲ್ಲಿ?"

"ಮಾಸ್ಟ್ರೇ, ಬೆಳಿಗ್ಗೆ ಬಂದ..." ಅಂದವಳು ಪಕ್ಕದವಳ ಕಡೆ ನೋಡಿ ದನಿ ತಗ್ಗಿಸಿದಳು. "ಬೆಳಿಗ್ಗೆ ಬಂದ ಚೀಲದಲ್ಲಿ ಒಂದು ತಪ್ಪಾಗಿದೆ."

ಮಾಸ್ಟ್ರ ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣಿನ ನಗು ಮಾತ್ರ ಆರಿತು. "ಯಾವ ಚೀಲ? ಚೀಲ ನಾನು ಹೊಲಿದು ಕಳಿಸೋನು. ನಮ್ಮನೆಗೆ ಯಾಕೆ ಬರುತ್ತೆ?" ದನಿ ಬೇಕೆಂದೇ ಏರಿಸಿದ್ದರು. "ಮನೆ ತಪ್ಪಿದ್ದೀರಿ. ನಾನು ಕೊಡೋನು ಡಬ್ಬಿಯಮ್ಮ, ತಗೊಳ್ಳೋನಲ್ಲ."

ಬಾಗಿಲು ಮುಚ್ಚಲು ಹೊರಟಿತು. ಪಕ್ಕದವಳು ಕ್ಲಿಪ್ಪು ಬಾಯಿಂದ ತೆಗೆದಿದ್ದಳು.

ಇನ್ನೊಂದು ಮಾತಾಡಿದರೆ ಮಾಸ್ಟ್ರ ಮಾನ ಆ ಜಗಲಿಯ ಮೇಲೆ ಒಣಹಾಕಿದ ಹಾಗೆ. ಆಡದಿದ್ದರೆ ಒಳಗೆ ಒಂದು ಜೀವ. ಒಳಗಿನಿಂದ ಆಗಷ್ಟೇ ಇಳಿಸಿದ ಟೀಯ ವಾಸನೆ ಬರುತ್ತಿತ್ತು. ಡಬ್ಬಿ ಅಕ್ಕ ಬಾಗಿಲ ಸಂದಿಗೆ ಕಾಲಿಟ್ಟಳು.

"ಅಯ್ಯೋ, ಪೂರ್ತಿ ಕೇಳಿ ಮಾಸ್ಟ್ರೇ. ಉಗ್ರಾಣದ ಸಕ್ಕರೆಯೆಲ್ಲ ಚೀಲಗಳಿಗೇ ಖಾಲಿಯಾಯ್ತು, ನನ್ನ ಮನೆಗೇ ಇಲ್ಲ. ಬಾಗಿಲಲ್ಲಿ ನೆಂಟರು ಕೂತಿದ್ದಾರೆ. ನಿಮ್ಮ ಮನೇದು ಒಂದು ಡಬ್ಬಿ ಸಕ್ಕರೆ ಇದ್ದರೆ ಸಾಲ ಕೊಡಿ ಅಂತ ಬಂದೆ. ಡಬ್ಬಿ ಸಮೇತ ಕೊಟ್ಟರೆ ಇನ್ನೂ ಒಳ್ಳೇದು."

ಮಾಸ್ಟ್ರು ಒಂದು ಕ್ಷಣ ನೋಡಿದರು. ಮತ್ತೆ ಎದೆ ಏರಿತು. ಪಕ್ಕದವಳಿಗೂ ಕೇಳುವ ಹಾಗೆ, "ಅದಕ್ಕೇನಂತೆ! ಟೈಲರ್ ಮನೆಗೆ ಬಂದೋರು ಬರಿಗೈಲಿ ಹೋಗಬಾರದು. ನಿಂತಿರಿ" ಅಂತ ಒಳಗೆ ಹೋದರು.

ಹೊಲಿಗೆ ಯಂತ್ರ, ಗೋಡೆಗೆ ನೇತುಹಾಕಿದ ಕತ್ತರಿಗಳು, ನೆಲದ ತುಂಬಾ ಬಟ್ಟೆಯ ಚೂರು. ಆಚೆ ಪರದೆ. ಪರದೆಯ ಹಿಂದೆ ಮಂಚ ಕಿರುಗುಟ್ಟಿತು. ಮಾಸ್ಟ್ರು ಹೊರಗೆ ಬಂದರು, ಕೈಯಲ್ಲಿ ಸ್ಟೀಲಿನ ಬಟ್ಟಲು, ಮೇಲೆ ಏರುವಷ್ಟು ತುಂಬಿ. "ತಗೊಳ್ಳಿ. ಡಬ್ಬಿ ಪೂರ್ತಿ ಕೊಡೋಣ ಅಂದ್ರೆ ಅವಳ ಟೀಗೆ ಇನ್ನೂ ಹಾಕಿರಲಿಲ್ಲ. ಅವಳ ಹತ್ತಿರವೇ ಬಿಟ್ಟು ಬಂದೆ, ಹಾಕ್ಕೊಳ್ತಾಳೆ."

ಡಬ್ಬಿ ಅಕ್ಕ ಬಟ್ಟಲು ನೋಡಿದಳು. ಬಾಗಿಲ ಬೆಳಕು ಅದರ ಮೇಲೆ ನೇರ ಬಿದ್ದಿತ್ತು. ಮಿಣುಕಲಿಲ್ಲ. ಸಾಸಿವೆಯ ಹಾಗೆ ದುಂಡಗೆ, ಸತ್ತ ಬಿಳುಪು.

ಪರದೆಯ ಹಿಂದಿನಿಂದ ಹೆಂಗಸಿನ ದನಿ ಬಂತು: "ರೀ, ಇದೇನ್ರೀ ಇದು? ಇಳಿಸಿದ ಟೀ ಮತ್ತೆ ಕುದೀತಿದೆ!"

ಡಬ್ಬಿ ಅಕ್ಕ ಮಾಸ್ಟ್ರನ್ನು ತಳ್ಳಿಕೊಂಡೇ ಒಳಗೆ ನುಗ್ಗಿದಳು. ಬಟ್ಟಲು ಎಲ್ಲಿ ಬಿತ್ತೋ. ಮಾಸ್ಟ್ರ ಹೆಂಡತಿ ದಿಂಬಿಗೆ ಒರಗಿ, ಬುಸುಗುಡುವ ಲೋಟವನ್ನು ಮೂಗಿನ ಹತ್ತಿರ ಹಿಡಿದು ಕೌತುಕದಿಂದ ನೋಡುತ್ತಿದ್ದರು, ತುಟಿ ಇನ್ನೇನು ಅಂಚಿಗೆ ತಾಗುವುದರಲ್ಲಿತ್ತು. ಡಬ್ಬಿ ಅಕ್ಕ ಅಂಗೈಯಿಂದ ಹೊಡೆದಳು. ಲೋಟ ಗೋಡೆಗೆ ಬಡಿದು ಬಿತ್ತು. ಟೀ ಅರ್ಧ ನೆಲಕ್ಕೆ, ಅರ್ಧ ಅವಳ ಮುಂಗೈಗೆ. ಅವಳು ಹಲ್ಲು ಕಚ್ಚಿದಳು.

"ಕುಡಿದ್ರಾ? ಒಂದು ಗುಟುಕು? ಬಾಯಿ ತೆಗೀರಿ, ತೆಗೀರಿ!"

"ಇಲ್ಲಮ್ಮಾ, ಇಲ್ಲ. ಕುದಿಯೋದನ್ನ ಯಾರು ಕುಡೀತಾರೆ?"

ಮಂಚದ ಪಕ್ಕ ಹೂವಿನ ಬಟ್ಟೆಯ ಡಬ್ಬಿ ಬಾಯಿ ತೆರೆದು ನಿಂತಿತ್ತು. ಡಬ್ಬಿ ಅಕ್ಕ ಮೊದಲು ಅದರ ಮುಚ್ಚಳ ಬಿಗಿದಳು. ಆಮೇಲೆ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳು. ಚರ್ಮ ಸೋಪು ಹಚ್ಚಿದ ಹಾಗೆ ಜಾರುತ್ತಿತ್ತು, ಉರಿ ಮೂಳೆಗೆ ಇಳಿಯುತ್ತಿತ್ತು. ನೀರು ಬಿಡುತ್ತಲೇ ವಿಷಯ ಹೇಳಿದಳು: ಮೋರಿ, ಮೈದುನ, ಬಟ್ಟೆ, ಎಲ್ಲ. ಸುತ್ತಿ ಬಳಸಿ ಹೇಳಲು ಇನ್ನೇನೂ ಉಳಿದಿರಲಿಲ್ಲ.

ಹೊರಗಿನಿಂದ ಪಕ್ಕದವಳು ಕೂಗಿದಳು: "ಏನಾಯ್ತು ಮಾಸ್ಟ್ರೇ? ಏನೋ ಬಿದ್ದ ಸದ್ದು?"

ಮಾಸ್ಟ್ರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು. ಮಂಚದ ಮೇಲಿನಿಂದ ಅವರ ಹೆಂಡತಿಯೇ ಗಟ್ಟಿಯಾಗಿ ಹೇಳಿದರು: "ಏನಿಲ್ಲ ಕಣೇ, ನನ್ನ ಕೈ ಜಾರಿ ಲೋಟ ಬಿತ್ತು. ನೀನು ನಿನ್ನ ಬಟ್ಟೆ ನೋಡ್ಕೋ, ಗಾಳಿಗೆ ಹಾರಿಹೋಗುತ್ತೆ."

ಮಾಸ್ಟ್ರು ಚೆಲ್ಲಿದ ಬಟ್ಟಲಿನ ಕಡೆ ಬಗ್ಗಿದರು. ಡಬ್ಬಿ ಅಕ್ಕ, "ಬರಿಗೈಲಿ ಮುಟ್ಟಬೇಡಿ" ಅಂತ ಗ್ಲೌಸು ಚಾಚಿದಳು. ಅವರು ತಗೊಳ್ಳಲಿಲ್ಲ.

"ಎಷ್ಟು ಜನಕ್ಕೆ ಗೊತ್ತು?" ಅಂದರು.

"ಯಾವುದು?"

"ಯಾವುದು ಅಂತ ಕೇಳ್ತೀರಲ್ಲ."

"ಡ್ರೈವರಣ್ಣನಿಗೆ, ಫಾದರ್‌ಗೆ ಮೊದಲಿಂದ. ನನಗೆ ಇವತ್ತಿಂದ."

"ಇವಳಿಗೆ ಗೊತ್ತಿರಲಿಲ್ಲ," ಅಂದರು ಮಾಸ್ಟ್ರು ಹೆಂಡತಿಯ ಕಡೆ ನೋಡದೆ. "ಅಂಗಡಿಯಿಂದ ತಂದೆ ಅಂತ ಹೇಳಿದ್ದೆ. ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದೆ."

"ಅಯ್ಯೋ ನನ್ನ ಪುಣ್ಯಾತ್ಮ," ಅಂದರು ಹೆಂಡತಿ. "ಕಾಲು ಬಿದ್ದುಹೋಗಿದೆ, ಕಿವಿ ಬಿದ್ದುಹೋಗಿಲ್ಲ. ಶನಿವಾರ ಬೆಳಿಗ್ಗೆ ವ್ಯಾನು ನಿಲ್ಲುತ್ತೆ, ನೀವು ಅಂಗಡಿಗೆ ಹೋಗಿ ಬರ್ತೀನಿ ಅಂತ ಬಾಗಿಲು ತೆಗೀತೀರಿ, ನಾನು ಕೆಮ್ಮಿ ಮುಗಿಸೋದರೊಳಗೆ ವಾಪಸ್. ಅದ್ಯಾವ ಅಂಗಡಿ ರೀ, ಹೊಸಿಲ ಮೇಲಿರೋದು? ಹೋಗಲಿ ಪಾಪ, ಗಂಡಸಿಗೆ ಒಂದು ಸುಳ್ಳು ಬೇಕು ಅಂತ ಸುಮ್ಮನಿದ್ದೆ."

ಡಬ್ಬಿ ಅಕ್ಕನಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು, ಯಾಕೆಂದರೆ ಮಾಸ್ಟ್ರ ಮುಖದಲ್ಲಿ ಎರಡೂ ಇರಲಿಲ್ಲ. ಅವರು ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

"ಸಾಲ ಕೇಳೋಕೆ ಬಂದೆ ಅಂದ್ರಲ್ಲ," ಅಂದರು ಕೊನೆಗೆ. "ನಾನು ನಂಬಿದೆ ಡಬ್ಬಿಯಮ್ಮ. ಬಟ್ಟಲು ತುಂಬುವಾಗ ಎಷ್ಟು ಸಂತೋಷವಾಯ್ತು ಗೊತ್ತಾ ನಿಮಗೆ?"

ಅವಳು ನಲ್ಲಿ ನಿಲ್ಲಿಸಿದಳು.

"ನಿಮ್ಮ ಕೆಲಸ ಆಯ್ತಲ್ಲ. ಹೊರಡಿ."

ಅವಳು ಚೆಲ್ಲಿದ್ದನ್ನೆಲ್ಲ ಒಣ ಬಟ್ಟೆಯಿಂದ ಬಳಿದು, ನೆಲವನ್ನು ಮತ್ತೆ ಮತ್ತೆ ನೀರು ಹಾಕಿ ತೊಳೆದು, ಡಬ್ಬಿ ಎತ್ತಿಕೊಂಡು ಹೊರಟಳು. ವ್ಯಾನಿನಲ್ಲಿ ಡ್ರೈವರಣ್ಣ ಅವಳ ಮುಂಗೈ ನೋಡಿ ಹೌಹಾರಿದರು. "ಆಸ್ಪತ್ರೆಗೆ ಮೊದಲು" ಅಂದರು. ಅವಳು ಬೇಡವೆನ್ನಲಿಲ್ಲ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ನರ್ಸಮ್ಮ ಇವಳ ಹಳೇ ಲಾಂಡ್ರಿಯ ದಿನಗಳನ್ನು ಬಲ್ಲವಳು. "ಎಷ್ಟು ವರ್ಷ ಇಸ್ತ್ರಿ ಹಾಕಿದರೂ ಸುಟ್ಕೊಳ್ಳದೋರು ಈಗ ಏನು ಮಾಡ್ಕೊಂಡ್ರಿ?" ಅಂದಳು. "ಟೀ ಮಾಡೋಕೆ ಹೋದೆ" ಅಂದಳು ಡಬ್ಬಿ ಅಕ್ಕ.

ಭಾನುವಾರ ಫಾದರ್ ಎಲ್ಲ ಕೇಳಿಸಿಕೊಂಡು ಒಂದು ಹೊಸ ಬೀಗ ತರಿಸಿದರು. ಮೋರಿ ಪುಡಿಗೆ ಗಂಟೆಗೋಪುರದ ಕೆಳಗೆ ಬೀಗ ಹಾಕಿದ ಪೆಟ್ಟಿಗೆಯಾಯಿತು. ಮೈದುನ ಅತ್ತಿಗೆಯ ಮುಖ ನೋಡಲು ಹೆದರಿ ಪೂಜೆಯ ಗಂಟೆಯನ್ನು ಹೊತ್ತಿಗೆ ಮುಂಚೆಯೇ ಹೊಡೆದುಬಿಟ್ಟ. ಅವಳೇ ಕರೆದು, "ಹೆದರಿಸಿದ್ದು ನಾನು, ಹೆದರಿದ್ದು ನೀನು. ಇಬ್ಬರಿಗೂ ಅರ್ಧರ್ಧ" ಅಂದಳು. ಮಾಸ್ಟ್ರು ಪೂಜೆಗೆ ಬರಲಿಲ್ಲ. ಸಂಗ್ರಹಕ್ಕೆ ಬಾಗಿಲಲ್ಲಿ ಅವರ ಜಾಗದಲ್ಲಿ ನಿಂತ ಬೇಕರಿಯವರ ದನಿ ಗಂಟಲಿನಿಂದ ಆಚೆಗೇ ಬರುತ್ತಿರಲಿಲ್ಲ. ಜನ ಅವರನ್ನು ದಾಟಿ ಹೋಗುತ್ತಿದ್ದರು. "ಮಾಸ್ಟ್ರಿಗೆ ಏನಾಯ್ತು?" ಅಂತ ಕೇಳಿದವರಿಗೆಲ್ಲ ಡಬ್ಬಿ ಅಕ್ಕ, "ಮೈಗೆ ಹುಷಾರಿಲ್ಲ" ಅಂದಳು.

ಮುಂದಿನ ಶನಿವಾರ ಡ್ರೈವರಣ್ಣ ಚೀಲಗಳನ್ನಿಟ್ಟು ಬಂದರು. ಮಧ್ಯಾಹ್ನ ಉಗ್ರಾಣಕ್ಕೆ ಬಂದು ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತರು.

"ಹೇಳಿ ಡ್ರೈವರಣ್ಣ. ಇನ್ನು ನನ್ನ ಹತ್ತಿರ ಏನು ಪ್ರಮಾಣ?"

"ಹಾಗೇ ಇದೆ ಅಕ್ಕ, ಆ ಚೀಲ. ಬಾಗಿಲಲ್ಲೇ. ಈಗ ಎರಡನೇ ಸಲ ಹೋಗಿ ನೋಡಿ ಬಂದೆ. ಒಳಗೆ ಮೆಷಿನ್ ಸದ್ದು ಕೇಳುತ್ತೆ. ಬಾಗಿಲು ತೆಗೆಯಲ್ಲ."

ಡಬ್ಬಿ ಅಕ್ಕ ಪಟ್ಟಿ ಕಟ್ಟಿದ ಕೈಯಿಂದಲೇ ಸೆರಗು ಸರಿಮಾಡಿಕೊಂಡು ಎದ್ದಳು. ಹೋಗುವ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿದಳು, ಕೆಡಿಸಿದಳು. ಕ್ಷಮಿಸಿ ಅಂದರೆ ಜೀವ ಉಳಿಸಿದ್ದಕ್ಕೆ ಕ್ಷಮೆ ಕೇಳಿದ ಹಾಗೆ. ಕೇಳದಿದ್ದರೆ ಆ ಬಟ್ಟಲಿನ ಸಂತೋಷಕ್ಕೆ ಯಾರು ಲೆಕ್ಕ ಹೇಳುವುದು?

ಮೆಟ್ಟಿಲು ಹತ್ತಿದಳು. ಪಕ್ಕದವಳು ಇರಲಿಲ್ಲ, ಒಣಗಿದ ಬಟ್ಟೆ ಮಾತ್ರ. ಚೀಲದ ಮೇಲೆ ಬಿಸಿಲು ಬಿದ್ದು ಎಣ್ಣೆಯ ಬಾಟಲಿ ಬೆಚ್ಚಗಾಗಿತ್ತು. ಅವಳು ತಟ್ಟಿದಳು. ಮೆಷಿನ್ನು ಒಮ್ಮೆ ನಿಂತು ಮತ್ತೆ ಓಡಿತು, ಮೊದಲಿಗಿಂತ ಜೋರಾಗಿ. ಮತ್ತೆ ತಟ್ಟಿದಳು.

"ಯಾರು, ಡಬ್ಬಿ ಅಕ್ಕನಾ?" ಅಂತ ಪರದೆಯ ಹಿಂದಿನಿಂದ ಹೆಂಡತಿಯ ದನಿ ಬಂತು. "ಬಾಗಿಲಿಗೆ ಅಗುಳಿ ಹಾಕಿಲ್ಲ, ತಳ್ಳಿಕೊಂಡು ಬನ್ನಿ. ಚೀಲಾನೂ ತನ್ನಿ. ಅವರಿಗೆ ಕೋಪ ಬಂದಿದೆ, ಬರಲಿ. ನನಗೆ ಕೋಪ ಇಲ್ಲಮ್ಮ, ಹಸಿವಿದೆ."

ಅವಳು ಬಾಗಿಲು ತಳ್ಳಿದಳು. ಮಾಸ್ಟ್ರು ಯಂತ್ರದ ಮೇಲೆ ಬಗ್ಗಿ ಏನನ್ನೋ ಹೊಲಿಯುತ್ತಿದ್ದರು, ತಲೆ ಎತ್ತಲಿಲ್ಲ. ಡಬ್ಬಿ ಅಕ್ಕ ಅವರ ಬೆನ್ನ ಹಿಂದಿನಿಂದ ಒಳಗೆ ಹೋಗಿ, ಚೀಲ ಬಿಚ್ಚಿ, ಹಿಟ್ಟು ಹಿಟ್ಟಿನ ಜಾಗಕ್ಕೆ, ಎಣ್ಣೆ ಎಣ್ಣೆಯ ಜಾಗಕ್ಕೆ ಇಟ್ಟಳು. ಸಕ್ಕರೆಯ ಮುಚ್ಚಳ ತೆಗೆದು ಬೆರಳ ತುದಿಯಿಂದ ಒಂದಿಷ್ಟು ತಾನೇ ನಾಲಿಗೆಗೆ ಹಾಕಿಕೊಂಡು ನೋಡಿದಳು. ಆಮೇಲೆ ಸ್ಟವ್ವು ಹಚ್ಚಿ ಟೀಗೆ ನೀರಿಟ್ಟಳು.

"ಮಾಸ್ಟ್ರೇ, ನಿಮಗೆ ಎಷ್ಟು ಚಮಚ?"

ಮೆಷಿನ್ನು ಓಡುತ್ತಲೇ ಇತ್ತು. ನೀರು ಕುದಿ ಬಂತು. ಅವಳು ಪುಡಿ ಹಾಕಿದಳು, ಸೋಸಿದಳು, ಮೂರು ಲೋಟ ಇಟ್ಟಳು, ಕಾದಳು.

"ಒಂದೂವರೆ," ಅಂದರು ಮಾಸ್ಟ್ರು, ತಿರುಗದೆ.